ಪಂಪ್ ಶೆಡ್ ಹತ್ತಿರ ಒಂದು ಉತ್ತರ, ಗದ್ದೆ ತಲೆಯಲ್ಲಿ ಇನ್ನೊಂದು: ಅಡಿಕೆ ಸಾಲಿಗೆ ಯಾವ ಕಂಪಾಸು ನಂಬೋದು?

ಹೊಸತೋಟ, ತೀರ್ಥಹಳ್ಳಿ ಸೀಮೆ

ಎಲ್ಲರಿಗೂ ನಮಸ್ಕಾರ. ಮನೆ ಕೆಳಗಿನ ಗದ್ದೆಯನ್ನು ಈ ಸಲ ತೋಟ ಮಾಡುತ್ತಿದ್ದೇವೆ. ಬಸಿಗಾಲುವೆ ತೆಗೆದಾಗಿದೆ, ಗುಂಡಿಗೆ ಗುರುತು ಹಾಕುವುದು ಬಾಕಿ. ಅಡಿಕೆಗೆ ಒಂಬತ್ತಡಿ ಚೌಕ, ಅಂದರೆ 2.7 ಮೀಟರ್ ಅಂತರ. ಸಾಲು ಮಾತ್ರ ನೇರ ಉತ್ತರ-ದಕ್ಷಿಣ ಬೇಡ, ಪಶ್ಚಿಮಕ್ಕೆ 35 ಡಿಗ್ರಿ ಓರೆ ಇರಲಿ ಎಂದು ಕೃಷಿ ಕೈಪಿಡಿಗಳಲ್ಲಿದೆ. ಆ 35 ಡಿಗ್ರಿ ಹಿಡಿಯೋಣ ಅಂದರೆ ಮೊದಲು ಉತ್ತರ ದಿಕ್ಕೇ ಸಿಗುತ್ತಿಲ್ಲ.

ಪಂಪ್ ಶೆಡ್ ಪಕ್ಕ ನಿಂತು ಮೊಬೈಲಿನಲ್ಲಿ ಎದುರಿನ ಗುಡ್ಡದ ನೆತ್ತಿಗೆ ಗುರಿ ಇಟ್ಟರೆ ಒಂದು ಅಂಕಿ. ಹತ್ತು ಹೆಜ್ಜೆ ಆಚೆ ಹೋದರೆ ಅದೇ ನೆತ್ತಿಗೆ ಬೇರೆ ಅಂಕಿ. ಅಷ್ಟು ದೂರದ ಗುಡ್ಡ ಹತ್ತು ಹೆಜ್ಜೆಗೆ ಸರಿಯೋಲ್ಲವಲ್ಲ. ಮೊಬೈಲಿನ ದೋಷ ಇರಬಹುದು ಅಂತ ನೆಂಟರ ಮನೆಯಿಂದ ಮುಳ್ಳಿನ ಕಂಪಾಸು ತಂದೆ. ಅದೂ ಹಾಗೇ ಹೇಳುತ್ತಿದೆ. ಗದ್ದೆ ತಲೆಯಲ್ಲಿ ಕಡಿದ ಜಂಬಿಟ್ಟಿಗೆ ಧರೆ ಇದೆ, ಮೇಲೆ ವಿದ್ಯುತ್ ಲೈನ್ ಹೋಗಿದೆ. ಇದರಲ್ಲಿ ಯಾವುದರ ಕೈವಾಡ? ನಂಬಬಹುದಾದ ಉತ್ತರ ಹಿಡಿಯುವುದು ಹೇಗೆ? ತಿಳಿದವರು ಹೇಳಿ.

ಕೊಪ್ಪದ ಕೃಷಿಕ

ತಮ್ಮಾ, ಆ 35 ಡಿಗ್ರಿ ಯಾಕೆ ಅನ್ನೋದನ್ನ ಮೊದಲು ತಿಳ್ಕೊ. ಎಷ್ಟು ನಿಖರ ಬೇಕು ಅನ್ನೋದು ಆಮೇಲೆ ತಾನೇ ಗೊತ್ತಾಗುತ್ತೆ.

ಮಳೆ ಬಿಟ್ಟ ಮೇಲೆ ಬೇಸಿಗೆವರೆಗೂ ಇಳಿಹೊತ್ತಿನ ಬಿಸಿಲು ನೈಋತ್ಯದಿಂದ ಬರುತ್ತೆ. ಎಳೇ ಮರದ ಹಸಿರು ಕಾಂಡ ಆ ಕಡೆ ಮೊದಲು ಹಳದಿ ಆಗುತ್ತೆ, ಆಮೇಲೆ ಕಂದು, ಆಮೇಲೆ ಸೀಳುತ್ತೆ. ಸೀಳಿದ ಮರ ಎತ್ತರ ಬೆಳೆದ ಮೇಲೆ ಒಂದು ಮಳೆಗಾಲದ ಗಾಳಿಗೆ ಅದೇ ಜಾಗದಲ್ಲಿ ಮುರಿದು ಬೀಳುತ್ತೆ. ಹತ್ತು ವರ್ಷ ಸಾಕಿದ ಮರ ಹಾಗೆ ಬಿದ್ದರೆ ಹೊಟ್ಟೆ ಉರಿಯುತ್ತೆ.

ಚೌಕದಲ್ಲಿ ನೆಟ್ಟಾಗ ಸಾಲು ಒಂದೇ ದಿಕ್ಕಿಗೆ ಇರೋಲ್ಲ, ಅಡ್ಡ ಸಾಲೂ ಇರುತ್ತೆ. ಉದ್ದ ಸಾಲಿನ ಉತ್ತರದ ತುದಿ ಪಶ್ಚಿಮಕ್ಕೆ 35 ವಾಲಿದರೆ ಕಂಪಾಸಿನಲ್ಲಿ, ಉತ್ತರದಿಂದ ಬಲಕ್ಕೆ ಸುತ್ತಿ ಎಣಿಸಿದರೆ, 325. ಅದಕ್ಕೆ ಅಡ್ಡ ಇರುವ ಸಾಲು 235, ಅಂದರೆ ನೈಋತ್ಯ. ಬಿಸಿಲು ಬರುವ ದಾರಿಯಲ್ಲೇ ಮುಂದಿನ ಮರ ಹಿಂದಿನ ಮರಕ್ಕೆ ಅಡ್ಡ ನಿಲ್ಲುತ್ತೆ. ಲೆಕ್ಕ ಇಷ್ಟೇ. ಒಂದೆರಡು ಡಿಗ್ರಿ ಆಚೀಚೆ ಆದರೆ ಅಡಿಕೆ ಮರಕ್ಕೇನೂ ಗೊತ್ತಾಗೋಲ್ಲ. ಆದರೆ ಎರಡು ತುದಿಯಿಂದ ಎರಡು ಉತ್ತರ ಹಿಡಿದು ಸಾಲು ಹೊಡೆದರೆ ನಡುವೆ ಸಾಲೇ ಕೂಡೋಲ್ಲ.

ಇನ್ನೊಂದು ಮಾತು. ನಿಂದು ಗದ್ದೆ ಬಯಲು, ಸರಿ. ಇಳಿಜಾರು ಜಾಗ ಇದ್ದವರು ಈ 35ಕ್ಕೆ ಜೋತು ಬೀಳಬೇಡಿ. ಅಲ್ಲಿ ನೀರು ಹರಿಯುವ ದಾರಿಯೇ ಮೊದಲು.

ಸಾಗರದ ವಿಜ್ಞಾನ ಟೀಚರ್

ಕೊಪ್ಪದ ಅಣ್ಣ ಹೇಳಿದ್ದಕ್ಕೆ ಒಂದು ಲೆಕ್ಕ ಸೇರಿಸುತ್ತೇನೆ. ಶಿವಮೊಗ್ಗದ ಅಕ್ಷಾಂಶ ಸುಮಾರು 14 ಡಿಗ್ರಿ. ಡಿಸೆಂಬರ್ ಕೊನೆಯ ಹೊತ್ತಿಗೆ ಮಧ್ಯಾಹ್ನ ಮೂರೂವರೆಗೆ ಸೂರ್ಯ ನಮಗೆ 230 ಡಿಗ್ರಿಯ ದಿಕ್ಕಿನಲ್ಲಿ, ದಿಗಂತದಿಂದ ಸುಮಾರು 32 ಡಿಗ್ರಿ ಎತ್ತರದಲ್ಲಿ ಇರುತ್ತಾನೆ. ಅಡ್ಡ ಸಾಲಿನ 235ಕ್ಕೆ ಇದು ಎಷ್ಟು ಹತ್ತಿರ ಬಂತು ನೋಡಿ.

ಈಗ ಕಂಪಾಸಿನ ವಿಷಯ. ಮುಳ್ಳು ಉತ್ತರ ಧ್ರುವವನ್ನು ಹುಡುಕಿಕೊಂಡು ಹೋಗುವುದಿಲ್ಲ. ತಾನು ನಿಂತ ಜಾಗದಲ್ಲಿ ಕಾಂತಕ್ಷೇತ್ರ ಯಾವ ಕಡೆಗಿದೆಯೋ ಆ ಕಡೆಗೆ ತಿರುಗಿ ನಿಲ್ಲುತ್ತದೆ, ಅಷ್ಟೇ. ಆ ಜಾಗದಲ್ಲಿ ಭೂಮಿಯ ಕ್ಷೇತ್ರ ಒಂದೇ ಇದ್ದರೆ ಉತ್ತರ ತೋರಿಸುತ್ತದೆ. ಜೊತೆಗೆ ಬೋರ್‌ವೆಲ್ ಪೈಪಿನದೂ ಇದ್ದರೆ ಎರಡನ್ನೂ ಕೂಡಿಸಿ ಬಂದ ದಿಕ್ಕನ್ನು ತೋರಿಸುತ್ತದೆ. ಹಾಗಾಗಿ ನಿಮ್ಮ ಎರಡು ಕಂಪಾಸೂ ಕೆಟ್ಟಿಲ್ಲ. ಬೇರೆ ಬೇರೆ ಜಾತಿಯ ಎರಡು ಉಪಕರಣ ಒಂದೇ ಜಾಗದಲ್ಲಿ ಒಂದೇ ರೀತಿ ತಪ್ಪುತ್ತಿವೆ ಅಂದರೆ ದೋಷ ಜಾಗದಲ್ಲಿದೆ.

ಭೂಮಿಯ ಕ್ಷೇತ್ರ ಹುಟ್ಟುವುದು ನಮ್ಮ ಕಾಲಡಿ ಸುಮಾರು 2,900 ಕಿಲೋಮೀಟರ್ ಆಳದಲ್ಲಿ. ಅಲ್ಲಿಂದ ಕೆಳಗೆ ಕರಗಿದ ಕಬ್ಬಿಣದ ಹೊರಗರ್ಭ. ಮಕ್ಕಳು ತರಗತಿಯಲ್ಲಿ ಭೂಮಿಯೊಳಗೆ ದೊಡ್ಡ ಆಯಸ್ಕಾಂತದ ಪಟ್ಟಿ ಇದೆ ಅಂದುಕೊಂಡಿರುತ್ತಾರೆ. ಹಾಗೆ ಇರಲು ಸಾಧ್ಯವೇ ಇಲ್ಲ. 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಬ್ಬಿಣ ಕಾಂತತ್ವ ಕಳೆದುಕೊಳ್ಳುತ್ತದೆ, ಗರ್ಭದ ಶಾಖ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಕುದಿದು ಸುಳಿಯುವ ದ್ರವ ಲೋಹದಲ್ಲಿ ವಿದ್ಯುತ್ ಹರಿದು, ಆ ವಿದ್ಯುತ್ತಿನಿಂದ ಕ್ಷೇತ್ರ ಹುಟ್ಟುತ್ತದೆ. ದ್ರವ ಹರಿಯುತ್ತಲೇ ಇರುವುದರಿಂದ ಕಾಂತ ಧ್ರುವವೂ ಒಂದೆಡೆ ನಿಲ್ಲುವುದಿಲ್ಲ. 1831ರಲ್ಲಿ ಬ್ರಿಟಿಷ್ ನಾವಿಕ ಜೇಮ್ಸ್ ಕ್ಲಾರ್ಕ್ ರಾಸ್ ಅದನ್ನು ಕೆನಡಾದ ಉತ್ತರ ತುದಿಯಲ್ಲಿ ಗುರುತಿಸಿದ. ಈಗ ಅದು ಸೈಬೀರಿಯಾದ ಕಡೆಗೆ ಸರಿದಿದೆ.

ನಮ್ಮ ಮಲೆನಾಡು ಕಂಪಾಸಿಗೆ ಬಹಳ ಒಳ್ಳೆಯ ಜಾಗ. ಕಾಂತೀಯ ಸಮಭಾಜಕ ಭಾರತದ ದಕ್ಷಿಣ ತುದಿಯ ಹತ್ತಿರ ಹಾದುಹೋಗುತ್ತದೆ. 1963ರಲ್ಲಿ ರಾಕೆಟ್ ಹಾರಿಸಲು ಕೇರಳದ ತುಂಬಾ ಎಂಬ ಊರನ್ನು ಆರಿಸಿದ್ದೂ ಅದೇ ಕಾರಣಕ್ಕೆ. ಆ ಗೆರೆಗೆ ಹತ್ತಿರ ಇರುವಲ್ಲಿ ಕ್ಷೇತ್ರ ಹೆಚ್ಚುಕಡಿಮೆ ನೆಲಕ್ಕೆ ಸಮಾನಾಂತರ. ನಮ್ಮಲ್ಲಿ ಅದರ ಬಲ ಸುಮಾರು 40 ಮೈಕ್ರೊಟೆಸ್ಲಾ, ಬಹುಪಾಲು ಮುಳ್ಳನ್ನು ತಿರುಗಿಸುವುದಕ್ಕೇ ಸಿಗುತ್ತದೆ. ಕೆನಡಾದ ಉತ್ತರಕ್ಕೆ ಹೋದರೆ ಒಟ್ಟು ಬಲ ಇದಕ್ಕಿಂತ ಹೆಚ್ಚು, ಆದರೆ ಅದು ಮುಳ್ಳನ್ನು ಕೆಳಕ್ಕೆ ಎಳೆಯುತ್ತದೆ, ತಿರುಗಿಸುವುದಿಲ್ಲ. ಯೂರೋಪಿಗೆಂದು ಮಾಡಿದ ಕಂಪಾಸು ತಂದವರಿಗೆ ಇಲ್ಲಿ ಮುಳ್ಳಿನ ದಕ್ಷಿಣದ ತುದಿ ಕೆಳಗೆ ತಾಗಿದಂತೆ ಕಾಣುವುದೂ ಇದರಿಂದಲೇ. ಅಲ್ಲಿ ಉತ್ತರದ ತುದಿ ತಗ್ಗುತ್ತದೆಂದು ದಕ್ಷಿಣದ ತುದಿಗೆ ಭಾರ ಸೇರಿಸಿರುತ್ತಾರೆ. ಇಲ್ಲಿ ಆ ಭಾರ ಹೆಚ್ಚಾಗುತ್ತದೆ.

ನಿವೃತ್ತ ಭೂಮಾಪಕ, ಶಿವಮೊಗ್ಗ

ಟೀಚರ್ ಸರಿಯಾಗಿ ಹೇಳಿದ್ದಾರೆ. ಸರ್ವೆಯವರು ಇದನ್ನು ಲೋಕಲ್ ಅಟ್ರಾಕ್ಷನ್ ಅನ್ನುತ್ತಾರೆ. ಇದನ್ನು ಕಂಡುಹಿಡಿಯಲು ಬೇರೆ ಯಂತ್ರ ಬೇಡ, ಅದೇ ಕಂಪಾಸು ಸಾಕು.

ಹೊಸತೋಟದವರೇ, ಮೊದಲು ಕೆಲವು ಪ್ರಶ್ನೆ. ಪಂಪ್ ಶೆಡ್ ಸುತ್ತ ಏನೇನು ಕಬ್ಬಿಣ ಇದೆ? ಗುರಿ ಹಿಡಿಯುವಾಗ ಸೊಂಟದಲ್ಲಿ ಕತ್ತಿ ಇತ್ತೆ? ಕಂಕುಳಲ್ಲಿ ಕೊಡೆ ಇತ್ತೆ? ಮೊಬೈಲ್ ಕವರಿಗೆ ಮುಚ್ಚುವ ಆಯಸ್ಕಾಂತದ ಗುಂಡಿ ಇದೆಯೆ?

ಆಮೇಲೆ ಹೀಗೆ ಮಾಡಿ. ಜಾಗದಲ್ಲಿ ಮೂರು ಬಿದಿರು ಗೂಟ ಹೊಡೆಯಿರಿ. ಒಂದು ಪಂಪ್ ಶೆಡ್ ಹತ್ತಿರ, ಒಂದು ಗದ್ದೆ ತಲೆಯಲ್ಲಿ, ಒಂದು ಕೆಳಗೆ ಹಳ್ಳದ ಕಡೆ. ಕತ್ತಿ, ಕೊಡೆ, ಬೀಗದ ಕೈ ಎಲ್ಲ ದೂರ ಇಟ್ಟು ಒಂದೊಂದು ಗೂಟದ ಮೇಲೂ ನಿಂತು ಉಳಿದ ಎರಡಕ್ಕೆ ಬೇರಿಂಗ್, ಅಂದರೆ ಕಂಪಾಸು ತೋರಿಸುವ ಡಿಗ್ರಿ, ಓದಿ. ಎ-ಯಿಂದ ಬಿ-ಗೆ ಓದಿದ್ದಕ್ಕೂ ಬಿ-ಯಿಂದ ಎ-ಗೆ ಓದಿದ್ದಕ್ಕೂ ಸರಿಯಾಗಿ 180 ವ್ಯತ್ಯಾಸ ಬರಬೇಕು. ಬಂದರೆ ಆ ಎರಡೂ ಜಾಗ ಶುದ್ಧ ಎಂದು ಹಿಡಿಯಬಹುದು. ಬರದಿದ್ದರೆ ಎರಡರಲ್ಲಿ ಒಂದಾದರೂ ಕೆಟ್ಟ ಜಾಗ. ಯಾವುದು ಎಂಬುದನ್ನು ಮೂರನೇ ಗೂಟ ಹೇಳುತ್ತದೆ.

ಹೊಸತೋಟ

ಸರ್, ಧನ್ಯವಾದ. ಶೆಡ್ಡಿನದು ಕಬ್ಬಿಣದ ಶೀಟು. ಬೋರ್ ಕೇಸಿಂಗ್ ಕಬ್ಬಿಣದ್ದೇ, ನೆಲದಿಂದ ಮೇಲೆ ಎದ್ದಿದೆ. ಹಳೇ ಪೈಪಿನ ರಾಶಿಯೂ ಅಲ್ಲೇ ಇದೆ. ಕತ್ತಿ ಸೊಂಟದಲ್ಲಿ ಇತ್ತು, ಅದು ಯಾವತ್ತೂ ಇರುತ್ತೆ. ನಾಳೆ ಮೂರು ಗೂಟ ಹೊಡೆದು ಓದಿ ಹಾಕುತ್ತೇನೆ.

ಡಿಪ್ಲೊಮಾ ಸಿವಿಲ್ ವಿದ್ಯಾರ್ಥಿನಿ, ಭದ್ರಾವತಿ

ಮನುಷ್ಯರು ತಂದಿಟ್ಟ ಕಬ್ಬಿಣದ ಮಾತಾಯಿತು. ನೆಲದಲ್ಲೇ ಇರುವ ಕಬ್ಬಿಣದ್ದೂ ಸ್ವಲ್ಪ ಹೇಳಬೇಕು, ಯಾಕೆಂದರೆ ನಮ್ಮ ಊರು ಹುಟ್ಟಿದ್ದೇ ಅದರಿಂದ. 1923ರಲ್ಲಿ ಶುರುವಾದ ಇಲ್ಲಿನ ಕಬ್ಬಿಣದ ಕಾರ್ಖಾನೆಗೆ ಅದಿರು ಬರುತ್ತಿದ್ದದ್ದು ಕೆಮ್ಮಣ್ಣುಗುಂಡಿಯಿಂದ.

ಎಲ್ಲ ಕಬ್ಬಿಣದ ಅದಿರೂ ಮುಳ್ಳನ್ನು ಎಳೆಯುವುದಿಲ್ಲ. ಜಂಬಿಟ್ಟಿಗೆ ಕಲ್ಲಿಗೆ ಕೆಂಪು ಬಣ್ಣ ಕೊಡುವುದು ಹೆಮಟೈಟ್, ಗೋಥೈಟ್ ಜಾತಿಯ ಆಕ್ಸೈಡ್‌ಗಳು. ಇವುಗಳ ಕಾಂತತ್ವ ಬಹಳ ಕ್ಷೀಣ. ಅಣ್ಣನ ಗದ್ದೆಯ ಧರೆ ಸಾಮಾನ್ಯವಾಗಿ ಕಂಪಾಸನ್ನು ಕೆಡಿಸುವಂಥದ್ದಲ್ಲ. ಮ್ಯಾಗ್ನಟೈಟ್ ಹಾಗಲ್ಲ, ಅದು ಕಪ್ಪು ಕಲ್ಲು, ಜೋರಾಗಿ ಎಳೆಯುತ್ತದೆ. ಕುದುರೆಮುಖದ ಅದಿರು ಮುಖ್ಯವಾಗಿ ಮ್ಯಾಗ್ನಟೈಟ್. 2005ರ ಕೊನೆಗೆ ಅಲ್ಲಿ ಗಣಿಗಾರಿಕೆ ನಿಂತಿತು, ಆದರೆ ಗುಡ್ಡದ ಕಲ್ಲು ಅಲ್ಲೇ ಇದೆಯಲ್ಲ. ಬಾಬಾಬುಡನ್ ಶ್ರೇಣಿಯಲ್ಲೂ ಅಂಥ ಪಟ್ಟೆ ಪಟ್ಟೆ ಕಬ್ಬಿಣದ ಶಿಲೆ ಇದೆ. ಅಂಥ ಬಂಡೆಯ ಮೇಲೆ ಕಂಪಾಸು ಇಟ್ಟು ಓದಿದರೆ ನಂಬಬಾರದು.

ಪರೀಕ್ಷೆ ಸುಲಭ. ಕಲ್ಲಿನ ಚೂರನ್ನು ಮುಳ್ಳಿನ ಹತ್ತಿರ ನಿಧಾನ ತನ್ನಿ. ಮುಳ್ಳು ಅಲುಗದಿದ್ದರೆ ಚಿಂತೆ ಇಲ್ಲ. ತಿರುಗಿದರೆ ಆ ಜಾಗದಲ್ಲಿ ನಿಂತು ದಿಕ್ಕು ಹಿಡಿಯಬೇಡಿ.

ಹೊಸನಗರದ ಚಾರಣ ಗೈಡ್

ಕುದುರೆಮುಖದ ಮಾತು ಬಂದದ್ದು ಒಳ್ಳೇದಾಯ್ತು. ನಾನು ಹೆಚ್ಚಾಗಿ ಜನರನ್ನು ಕೊಡಚಾದ್ರಿಗೆ ಕರೆದುಕೊಂಡು ಹೋಗುವವನು. ಅಲ್ಲಿ ಮೂಲ ಮೂಕಾಂಬಿಕೆ ಗುಡಿಯ ಎದುರು ಹಳೇ ಕಬ್ಬಿಣದ ಕಂಬ ಇದೆ. ಅಷ್ಟು ಮಳೆಗೂ ತುಕ್ಕು ತಿಂದು ಹೋಗದೆ ನಿಂತಿರುವ ಕಂಬ ಅದು, ನೋಡಲೇಬೇಕಾದ್ದು. ನೋಡಿ, ಕೈ ಮುಗಿಯಿರಿ, ಆದರೆ ಅದರ ಬುಡದಲ್ಲಿ ನಿಂತು ಮೊಬೈಲ್ ಕಂಪಾಸು ತೆಗೆದು ಸರ್ವಜ್ಞಪೀಠದ ದಿಕ್ಕು ನೋಡಬೇಡಿ. ಸ್ವಲ್ಪ ದೂರ ಬಂದು ನೋಡಿ.

1,343 ಮೀಟರಿನ ನೆತ್ತಿಯಲ್ಲಿ ಮಂಜು ಕವಿದರೆ ಮುಂದಿನ ಮನುಷ್ಯ ಕಾಣೋಲ್ಲ. ಜಿಪಿಎಸ್ ಇದೆಯಲ್ಲ ಅಂತ ಎಲ್ಲರೂ ಅಂತಾರೆ. ಮಳೆಗೆ ಒದ್ದೆಯಾದ ಪರದೆ ಬೆರಳಿನ ಮಾತು ಕೇಳೋಲ್ಲ, ಬ್ಯಾಟರಿ ಚಳಿಗೆ ಬೇಗ ಇಳಿಯುತ್ತೆ. ಇನ್ನೂ ಒಂದು ವಿಷಯ: ಜಿಪಿಎಸ್ ನೀವು ಎಲ್ಲಿದ್ದೀರಿ ಅಂತ ಹೇಳುತ್ತೆ, ನಿಂತಲ್ಲೇ ನಿಂತರೆ ಯಾವ ಕಡೆ ಮುಖ ಮಾಡಿದ್ದೀರಿ ಅಂತ ಅದಕ್ಕೆ ಗೊತ್ತಿಲ್ಲ. ನಡೆಯಲು ಶುರು ಮಾಡಿದ ಮೇಲಷ್ಟೇ ದಿಕ್ಕು ಲೆಕ್ಕ ಹಾಕುತ್ತೆ. ನಿಂತಾಗ ನಕ್ಷೆಯ ಬಾಣ ತಿರುಗುವುದು ಒಳಗಿನ ಕಾಂತ ಸಂವೇದಕದಿಂದ.

ಕಾಡಿನೊಳಗೆ ಕಂಪಾಸು ನೋಡುತ್ತಾ ನಡೆಯಬೇಡಿ. ಬೇರಿಂಗ್ ಹಿಡಿದು ಆ ಗೆರೆಯಲ್ಲಿ ಕಾಣುವ ಕೊನೆಯ ಮರ ಗುರುತು ಮಾಡಿ, ಅಲ್ಲಿಗೆ ಹೋಗಿ, ಮತ್ತೆ ಹಿಡಿಯಿರಿ. ದಟ್ಟ ಕಾಡಲ್ಲಿ ಇಪ್ಪತ್ತು ಮೀಟರಿಗೆ ಒಂದು ಮರ ಆದರೂ ಪರವಾಗಿಲ್ಲ. ಹಳ್ಳದ ದಡದ ಒಂದು ಜಾಗಕ್ಕೆ ತಲುಪಬೇಕಾದರೆ ನೇರ ಅದಕ್ಕೇ ಗುರಿ ಇಡಬೇಡಿ, ಬೇಕೆಂದೇ ಸ್ವಲ್ಪ ಎಡಕ್ಕೆ ಇಡಿ. ಹಳ್ಳ ಸಿಕ್ಕಿದ ಮೇಲೆ ಬಲಕ್ಕೆ ಹೋಗಬೇಕು ಅನ್ನೋದು ಖಾತ್ರಿ. ನೇರ ಇಟ್ಟಿದ್ದರೆ ಹಳ್ಳದ ದಡದಲ್ಲಿ ನಿಂತು ಮೇಲಕ್ಕೋ ಕೆಳಕ್ಕೋ ಅಂತ ತಿಳಿಯದೆ ಕತ್ತಲಾಗುತ್ತೆ.

ಮರದ ಉತ್ತರ ಬದಿಗೆ ಪಾಚಿ ಬೆಳೆಯುತ್ತೆ, ಅದನ್ನು ನೋಡಿ ಹೋಗಬಹುದು ಅಂತ ಮೊಬೈಲಿನಲ್ಲಿ ಓದಿ ಬರುವ ಹುಡುಗರಿದ್ದಾರೆ. ಆಗುಂಬೆ, ಬಿದನೂರು ನಗರ ಕಡೆ ಪಾಚಿ ಮರದ ಸುತ್ತ ಬೆಳೆದಿರುತ್ತೆ. ದಯವಿಟ್ಟು ಅದನ್ನು ನಂಬಿ ಕಾಡಿಗೆ ಇಳಿಯಬೇಡಿ.

ಹೊಸತೋಟ

ಓದಿದೆ. ಎ ಪಂಪ್ ಶೆಡ್, ಬಿ ಗದ್ದೆ ತಲೆ, ಸಿ ಹಳ್ಳದ ಕಡೆ. ಕತ್ತಿ ಮನೆಯಲ್ಲೇ ಬಿಟ್ಟು ಬಂದಿದ್ದೆ.

ಬಿ-ಯಿಂದ ಸಿ-ಗೆ 212. ಸಿ-ಯಿಂದ ಬಿ-ಗೆ 32.
ಬಿ-ಯಿಂದ ಎ-ಗೆ 145. ಎ-ಯಿಂದ ಬಿ-ಗೆ 318.

ನಿವೃತ್ತ ಭೂಮಾಪಕ

ಚೊಕ್ಕವಾಗಿ ಓದಿದ್ದೀರಿ. 212ರಲ್ಲಿ 180 ಕಳೆದರೆ 32. ಬಿ ಮತ್ತು ಸಿ ಎರಡೂ ಶುದ್ಧ. ಬಿ ಶುದ್ಧ ಎಂದ ಮೇಲೆ ಅಲ್ಲಿಂದ ಎ-ಗೆ ಓದಿದ 145 ನಿಜ. ಹಾಗಾದರೆ ಎ-ಯಿಂದ ಬಿ-ಗೆ 325 ಬರಬೇಕಿತ್ತು, ಬಂದದ್ದು 318. ನಿಮ್ಮ ಪಂಪ್ ಶೆಡ್ ಜಾಗ 7 ಡಿಗ್ರಿ ಕಡಿಮೆ ಹೇಳುತ್ತಿದೆ. ಆ ಗೂಟದ ಮೇಲೆ ನಿಂತು ಓದಿದ್ದಕ್ಕೆಲ್ಲ 7 ಕೂಡಿಸಿದರೆ ಸರಿಯಾಗುತ್ತದೆ, ಎರಡು ಹೆಜ್ಜೆ ಆಚೀಚೆ ಆದರೆ ಆ 7 ಬದಲಾಗುತ್ತದೆ. ಆದ್ದರಿಂದ ಎ-ಯಲ್ಲಿ ನಿಂತು ಓದುವುದನ್ನು ಬಿಟ್ಟೇಬಿಡಿ.

7 ಡಿಗ್ರಿ ಎಂದರೆ ಎಷ್ಟು ಎಂಬುದೂ ತಿಳಿದಿರಲಿ. ನೂರು ಮೀಟರ್ ಸಾಲಿಗೆ ತುದಿಯಲ್ಲಿ 12 ಮೀಟರ್ ಸರಿಯುತ್ತದೆ. ನಿಮ್ಮ 2.7 ಮೀಟರ್ ಅಂತರಕ್ಕೆ ನಾಲ್ಕು ಸಾಲಿಗೂ ಹೆಚ್ಚು. ಒಂದು ಡಿಗ್ರಿಗಾದರೆ ಒಂದೂಮುಕ್ಕಾಲು, ಅಂದರೆ 1.75 ಮೀಟರ್.

ಅದೃಷ್ಟಕ್ಕೆ ನಿಮಗೆ ಬೇಕಾದ 325ರ ಗೆರೆ ಎ-ಬಿ ನಡುವೆಯೇ ಸಿಕ್ಕಿದೆ. ಆ ಎರಡು ಗೂಟಕ್ಕೆ ದಾರ ಕಟ್ಟಿ, ಅದೇ ಮೊದಲ ಸಾಲು.

ಸಾಗರದ ವಿಜ್ಞಾನ ಟೀಚರ್

ಒಳ್ಳೆಯ ಪಾಠ ಆಯಿತು ಇದು, ತರಗತಿಯಲ್ಲಿ ಮಾಡಿಸುತ್ತೇನೆ. ದೂರದ ಬಗ್ಗೆ ಒಂದು ಮಾತು. ಕಬ್ಬಿಣದ ಸಣ್ಣ ವಸ್ತುವಿನ ಪ್ರಭಾವ ದೂರ ಹೋದಂತೆ ಬಹಳ ಬೇಗ ಇಳಿಯುತ್ತದೆ. ಎರಡರಷ್ಟು ದೂರಕ್ಕೆ ಸರಿದರೆ ಎಂಟನೇ ಒಂದು ಭಾಗ ಉಳಿಯುತ್ತದೆ. ಶೆಡ್ಡಿನಿಂದ ಹತ್ತು ಹೆಜ್ಜೆ ಸರಿದಾಗ ಗುಡ್ಡದ ಅಂಕಿ ಬದಲಾದದ್ದು ಅದಕ್ಕೇ.

ಮೊಬೈಲನ್ನು ಗಾಳಿಯಲ್ಲಿ ಎಂಟರ ಆಕಾರದಲ್ಲಿ ಆಡಿಸಿ ಎಂದು ಪರದೆಯ ಮೇಲೆ ಬರುತ್ತದಲ್ಲ, ಅದು ಏನು ಮಾಡುತ್ತದೆಂದು ತಿಳಿದರೆ ಅದರ ಮಿತಿಯೂ ತಿಳಿಯುತ್ತದೆ. ಮೊಬೈಲಿನೊಳಗೆ ಮುಳ್ಳಿಲ್ಲ. ಮೂರು ದಿಕ್ಕಿಗೂ ಕ್ಷೇತ್ರ ಅಳೆಯುವ ಸಣ್ಣ ಚಿಪ್ ಇದೆ. ಸ್ಪೀಕರಿನ ಆಯಸ್ಕಾಂತ, ಕವರಿನ ಆಯಸ್ಕಾಂತ ಮೊಬೈಲಿನ ಜೊತೆಯಲ್ಲೇ ತಿರುಗುತ್ತವೆ. ಭೂಮಿಯ ಕ್ಷೇತ್ರ ತಿರುಗುವುದಿಲ್ಲ. ಎಲ್ಲ ಕೋನದಲ್ಲೂ ಆಡಿಸಿದಾಗ ಜೊತೆಗೆ ತಿರುಗುವ ಭಾಗ ಎಷ್ಟು ಎಂದು ಲೆಕ್ಕ ಹಾಕಿ ಮೊಬೈಲು ಅದನ್ನು ಕಳೆದುಬಿಡುತ್ತದೆ. ಬೋರ್‌ವೆಲ್ ಕೇಸಿಂಗ್ ಮೊಬೈಲಿನ ಜೊತೆ ತಿರುಗುವುದಿಲ್ಲವಲ್ಲ, ಅದು ಭೂಮಿಯ ಪಕ್ಷಕ್ಕೇ ಸೇರಿಕೊಳ್ಳುತ್ತದೆ. ಎಷ್ಟು ಸಲ ಎಂಟು ಬರೆದರೂ ಪಂಪ್ ಶೆಡ್ಡಿನ 7 ಡಿಗ್ರಿ ಹೋಗುವುದಿಲ್ಲ.

ಮನೆಗೆ ಅಡಿಪಾಯ ಹಾಕುವವ, ಸೊರಬ

ಇದೇ ಸಾಲಿನಲ್ಲಿ ನನ್ನದೊಂದು ಪ್ರಶ್ನೆ, ಬೇಸರ ಮಾಡಿಕೊಳ್ಳಬೇಡಿ. ವಾಸ್ತು ನೋಡುವವರು ಕಟ್ಟುತ್ತಿರುವ ಮನೆಯ ನೆಲದ ಮೇಲೆ ಕಂಪಾಸು ಇಟ್ಟು ಈಶಾನ್ಯ ಬೇರೆ ಕಡೆ ಬಂದಿದೆ, ಬಾಗಿಲು ಸರಿಸಿ ಅಂದರು. ಅಡಿಪಾಯ ಹಾಕುವಾಗ ಇನ್ನೊಬ್ಬರು ಸರಿ ಇದೆ ಅಂದಿದ್ದರು. ಯಾರದು ಸರಿ? ಕಾಂತದ ಉತ್ತರಕ್ಕೂ ನಿಜವಾದ ಉತ್ತರಕ್ಕೂ ವ್ಯತ್ಯಾಸ ಇದೆ ಅಂತಾರಲ್ಲ, ಅದೇ ಕಾರಣವೆ?

ನಿವೃತ್ತ ಭೂಮಾಪಕ

ಖಂಡಿತ ಅದಲ್ಲ. ಆ ವ್ಯತ್ಯಾಸಕ್ಕೆ ಡಿಕ್ಲಿನೇಷನ್ ಅನ್ನುತ್ತಾರೆ. ನಮ್ಮ ಜಿಲ್ಲೆಯಲ್ಲಿ ಅದು ಪಶ್ಚಿಮದ ಕಡೆಗೆ ಒಂದೆರಡು ಡಿಗ್ರಿಯೊಳಗೇ ಇದೆ. ನ್ಯೂಜಿಲೆಂಡಿನ ದಕ್ಷಿಣದಲ್ಲಾದರೆ 20 ಡಿಗ್ರಿ ದಾಟುತ್ತದೆ, ಅಲ್ಲಿ ಲೆಕ್ಕ ಹಾಕದೆ ಹೆಜ್ಜೆ ಇಡುವಂತಿಲ್ಲ. ಇಲ್ಲಿ ಮನೆಯ ಬಾಗಿಲು ಸರಿಸುವಷ್ಟು ವ್ಯತ್ಯಾಸ ಅದರಿಂದ ಬರುವುದಿಲ್ಲ.

ಕಾಂಕ್ರೀಟ್ ನೆಲದೊಳಗೆ ಸರಳಿನ ಜಾಲವೇ ಇದೆ, ಪಕ್ಕದ ಕಂಬದಲ್ಲೂ ಇದೆ. ಅದರ ಮೇಲೆ ಕಂಪಾಸು ಇಟ್ಟರೆ ಸರಳು ಹೇಳಿದ್ದನ್ನೇ ಅದು ಹೇಳುತ್ತದೆ. ನಿವೇಶನದ ಹೊರಗೆ, ಕಬ್ಬಿಣವಿಲ್ಲದ ಬಯಲಿನಲ್ಲಿ ನಿಂತು ಗೋಡೆಯ ಗೆರೆಗೆ ಗುರಿ ಇಟ್ಟು ಓದಿ. ಇನ್ನೊಂದು ತುದಿಗೆ ಹೋಗಿ ಹಿಂದಕ್ಕೆ ಓದಿ. 180 ಬಂದರೆ ಅದೇ ನಿಮ್ಮ ಗೋಡೆಯ ದಿಕ್ಕು. ಬಾಗಿಲು ಒಡೆಯುವುದಕ್ಕೆ ಮೊದಲು ಇಷ್ಟು ಮಾಡಿ. ನಾನು ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಒಂದು ತಪ್ಪು ಓದಿಗೆ ಜನ ಕಟ್ಟಿದ ಗೋಡೆ ಕೆಡವುತ್ತಾರೆ.

ಸಾಗರದ ವಿಜ್ಞಾನ ಟೀಚರ್

ಕಂಪಾಸೇ ಬೇಡ ಅನ್ನುವವರಿಗೆ ಶಂಕು ಇದೆ. ಯಜ್ಞವೇದಿ ಅಳೆಯುವ ಹಳೇ ಗ್ರಂಥ ಕಾತ್ಯಾಯನ ಶುಲ್ಬಸೂತ್ರದಲ್ಲಿರುವ ಕ್ರಮ. ಸಮ ನೆಲದಲ್ಲಿ ಕೋಲು ನೆಟ್ಟು ಅದರ ಸುತ್ತ ವೃತ್ತ ಎಳೆಯಿರಿ. ಬೆಳಿಗ್ಗೆ ನೆರಳಿನ ತುದಿ ವೃತ್ತವನ್ನು ಮುಟ್ಟಿ ಒಳಗೆ ಬರುವ ಜಾಗ ಗುರುತಿಸಿ, ಮಧ್ಯಾಹ್ನದ ಮೇಲೆ ಹೊರಗೆ ಹೋಗುವ ಜಾಗ ಗುರುತಿಸಿ. ಎರಡನ್ನೂ ಸೇರಿಸಿದ ಗೆರೆ ಮೂಡು-ಪಡು. ಅದಕ್ಕೆ ಲಂಬ ಎಳೆದರೆ ಬಡಗು-ತೆಂಕು, ಇದು ನಿಜವಾದ ಉತ್ತರ, ಯಾವ ಕಬ್ಬಿಣವೂ ಇದನ್ನು ಎಳೆಯಲಾರದು.

ಗಡಿಯಾರದ ಹನ್ನೆರಡಕ್ಕೆ ನೆರಳು ನೋಡಿ ಉತ್ತರ ಅನ್ನಬೇಡಿ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶಕ್ಕೆ, ಶಿವಮೊಗ್ಗ ಇರುವುದು 75.6ರ ಹತ್ತಿರ. ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಾಸರಿ 12 ಗಂಟೆ 28 ನಿಮಿಷಕ್ಕೆ, ಋತುವಿಗೆ ತಕ್ಕಂತೆ ಅದರಿಂದ ಕಾಲು ಗಂಟೆ ಆಚೀಚೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ಸೂರ್ಯ ನಮಗಿಂತ ಉತ್ತರದಲ್ಲಿರುತ್ತಾನೆ, ಆಗ ನಡುಹಗಲ ನೆರಳು ತೆಂಕಕ್ಕೆ ಬೀಳುತ್ತದೆ. ಇದನ್ನು ಮರೆತರೆ ಉತ್ತರ ದಕ್ಷಿಣ ಅದಲುಬದಲು. ರಾತ್ರಿ ಧ್ರುವ ನಕ್ಷತ್ರ ನೋಡೋಣವೆಂದರೆ ನಮ್ಮಲ್ಲಿ ಅದರ ಎತ್ತರ 14 ಡಿಗ್ರಿ ಅಷ್ಟೇ. ಮುಂದೆ ಒಂದು ಗುಡ್ಡವೋ ಮರವೋ ಇದ್ದರೆ ಮುಗಿಯಿತು.

ಕಡಲಿನವ (ಊರು ಸಾಗರ, ಕೆಲಸ ಹಡಗಿನಲ್ಲಿ)

ಧ್ರುವ ನಕ್ಷತ್ರ ಅಂದಿರಲ್ಲ ಟೀಚರ್, ನಮ್ಮ ಕರಾವಳಿಗೆ ಬರುತ್ತಿದ್ದ ಅರಬ್ ನಾವಿಕರು ಅದನ್ನೇ ಅಳೆದುಕೊಂಡು ಬರುತ್ತಿದ್ದರು. ಗಂಟು ಹಾಕಿದ ದಾರಕ್ಕೆ ಕಟ್ಟಿದ ಕಮಾಲ್ ಎಂಬ ಸಣ್ಣ ಹಲಗೆ ಹಿಡಿದು ನಕ್ಷತ್ರದ ಎತ್ತರ ನೋಡಿದರೆ ಯಾವ ಬಂದರಿನ ನೇರಕ್ಕಿದ್ದೇವೆ ಅಂತ ಗೊತ್ತಾಗುತ್ತಿತ್ತು. ಕಡಲಲ್ಲಿ ಗುಡ್ಡ ಅಡ್ಡ ಬರೋಲ್ಲ. ಅವರು ಬರುತ್ತಿದ್ದದ್ದು ನಮ್ಮ ಘಟ್ಟದ ಮೇಲಿನ ಮೆಣಸಿಗೆ. ಗೇರುಸೊಪ್ಪೆ, ಕೆಳದಿ ಸೀಮೆಯ ಸರಕು ಹೊನ್ನಾವರ, ಭಟ್ಕಳ, ಬಸರೂರಿಗೆ ಇಳಿಯುತ್ತಿತ್ತು.

ಕಂಪಾಸಿನ ಮುಳ್ಳನ್ನು ಮೊದಲು ಬರೆದಿಟ್ಟವರು ಚೀನಿಯರು. ಶೆನ್ ಕುವೊ ಎಂಬ ವಿದ್ವಾಂಸ 1088ರ ಸುಮಾರಿಗೆ, ಮುಳ್ಳು ಸರಿಯಾದ ದಕ್ಷಿಣಕ್ಕೆ ನಿಲ್ಲದೆ ಸ್ವಲ್ಪ ಓರೆ ನಿಲ್ಲುತ್ತದೆ ಅಂತಲೂ ಬರೆದಿದ್ದಾನೆ. ಹೊಸತೋಟದ ಅಣ್ಣನಿಗೆ ಪಂಪ್ ಶೆಡ್ಡಿನಲ್ಲಿ ಆದದ್ದು 1538ರಲ್ಲಿ ಗೋವಾಕ್ಕೆ ಬರುತ್ತಿದ್ದ ಪೋರ್ಚುಗೀಸ್ ನಾವಿಕ ಜೊಆಂವ್ ದೆ ಕಾಸ್ತ್ರೊಗೆ ಹಡಗಿನಲ್ಲೇ ಆಯಿತು. ಹತ್ತಿರದ ಫಿರಂಗಿಗಳು ಮುಳ್ಳನ್ನು ಎಳೆಯುತ್ತಿವೆ ಅಂತ ಅವನು ಗುರುತಿಸಿದ.

ಹಡಗೇ ಕಬ್ಬಿಣದ್ದಾದ ಮೇಲೆ ಕಷ್ಟ ದೊಡ್ಡದಾಯಿತು. ಕಂಪಾಸನ್ನು ಕಬ್ಬಿಣದಿಂದ ದೂರ ಒಯ್ಯಲು ಜಾಗವೇ ಇಲ್ಲ. 1838ರಲ್ಲಿ ಇಂಗ್ಲೆಂಡಿನ ಖಗೋಳ ವಿಜ್ಞಾನಿ ಜಾರ್ಜ್ ಏರಿ ದಾರಿ ತೋರಿಸಿದ: ಹಡಗು ಎಷ್ಟು ಎಳೆಯುತ್ತದೋ ಅಷ್ಟನ್ನೇ ವಿರುದ್ಧ ದಿಕ್ಕಿಗೆ ಎಳೆಯುವ ಆಯಸ್ಕಾಂತ, ಕಬ್ಬಿಣವನ್ನು ಕಂಪಾಸಿನ ಪಕ್ಕದಲ್ಲೇ ಇಡುವುದು. ಇವತ್ತಿಗೂ ನಮ್ಮ ಹಡಗಿನ ಕಂಪಾಸಿನ ಎರಡು ಪಕ್ಕದಲ್ಲಿ ಎರಡು ಕಬ್ಬಿಣದ ಗುಂಡು ಕೂತಿವೆ. ಅಷ್ಟು ಮಾಡಿದ ಮೇಲೂ ಸ್ವಲ್ಪ ತಪ್ಪು ಉಳಿಯುತ್ತದೆ. ಹಡಗನ್ನು ಸುತ್ತಲೂ ತಿರುಗಿಸಿ ಯಾವ ದಿಕ್ಕಿಗೆ ಮುಖ ಮಾಡಿದಾಗ ಎಷ್ಟು ತಪ್ಪು ಅಂತ ಬರೆದು ಗೋಡೆಗೆ ಅಂಟಿಸುತ್ತೇವೆ.

ತಿರುಗುವ ಚಕ್ರದಿಂದ ಉತ್ತರ ಹಿಡಿಯುವ ಜೈರೊ ಕಂಪಾಸು ಇದೆ, ಉಪಗ್ರಹ ಇದೆ. ಆದರೂ ವಿದ್ಯುತ್ ಬೇಡದ ಕಾಂತದ ಕಂಪಾಸು ಇರಲೇಬೇಕು ಅಂತ ಅಂತರರಾಷ್ಟ್ರೀಯ ಕಡಲ ಸುರಕ್ಷತಾ ನಿಯಮದಲ್ಲಿದೆ. ಕರೆಂಟ್ ಹೋದ ರಾತ್ರಿ ಅದೊಂದೇ ಉಳಿಯುವುದು. ನಾನು ಪಾಳಿಯ ಕಾವಲಿಗೆ ನಿಂತಾಗಲೆಲ್ಲ ಅದನ್ನು ಜೈರೊ ಜೊತೆ ಹೋಲಿಸಿ ಬರೆಯುತ್ತೇನೆ, ಯಾರೂ ಕೇಳದಿದ್ದರೂ.

ಹೊಸತೋಟ

ಇಷ್ಟೆಲ್ಲ ತಿಳಿಸಿಕೊಟ್ಟಿದ್ದಕ್ಕೆ ಎಲ್ಲರಿಗೂ ಋಣಿ. ವಿದ್ಯುತ್ ಲೈನಿನ ಮಾತು ಮಾತ್ರ ಉಳಿದುಹೋಯಿತು. ಬಿ ಗೂಟ ಅದರ ಅಡಿಯಲ್ಲೇ ಇದೆ.

ಡಿಪ್ಲೊಮಾ ಸಿವಿಲ್ ವಿದ್ಯಾರ್ಥಿನಿ

ಅಣ್ಣಾ, ಲೈನಿನಲ್ಲಿ ಹರಿಯುವುದು 50 ಹರ್ಟ್ಸಿನ ಎಸಿ. ಅದರ ಕ್ಷೇತ್ರ ಸೆಕೆಂಡಿಗೆ ನೂರು ಸಲ ದಿಕ್ಕು ಬದಲಿಸುತ್ತದೆ, ಮುಳ್ಳಿಗೆ ಆ ವೇಗ ಹಿಡಿಯಲಾಗದೆ ಅಲ್ಲೇ ನಿಲ್ಲುತ್ತದೆ. ಕಬ್ಬಿಣದ ಕಂಬ ಇದ್ದರೆ ಅದರಿಂದ ದೂರ ಇರಿ, ತಂತಿಗೆ ಹೆದರಬೇಡಿ. ಒಂದೇ ಕಡೆ ಹರಿಯುವ ಡಿಸಿ ಆದರೆ ಬೇರೆ ಮಾತು. ಬೊಂಬಾಯಿಗೆ ವಿದ್ಯುತ್ ಟ್ರಾಮ್ ಬರುತ್ತದೆ ಎಂದಾಗ ಕೊಲಾಬಾದಲ್ಲಿ ನಡೆಯುತ್ತಿದ್ದ ಕಾಂತಕ್ಷೇತ್ರದ ಅಳತೆ ಕೆಡುತ್ತದೆಂದು 1904ರಲ್ಲಿ ಅಲಿಬಾಗಿನಲ್ಲಿ ಬೇರೆ ವೀಕ್ಷಣಾಲಯವನ್ನೇ ಕಟ್ಟಿದರು. ನಿಮ್ಮ ಬಿ-ಸಿ ಓದು 180 ಸರಿ ಬಂದಿದೆಯಲ್ಲ, ಲೈನಿನಿಂದ ತೊಂದರೆ ಇಲ್ಲ ಎನ್ನಲು ಅದೇ ಸಾಕು.

ಕೊಪ್ಪದ ಕೃಷಿಕ

ತಮ್ಮಾ, ಮೊದಲ ಸಾಲಿಗೆ ದಾರ ಕಟ್ಟಿದ ಮೇಲೆ ಕಂಪಾಸನ್ನು ಮನೆಯೊಳಗೆ ಇಟ್ಟುಬಿಡು. ಪ್ರತಿ ಸಾಲಿಗೂ ಅದನ್ನು ತೆಗೆದರೆ ಪ್ರತಿ ಸಾಲೂ ಒಂದೊಂದು ದಾರಿ ಹಿಡಿಯುತ್ತೆ. ಅಡ್ಡ ಸಾಲಿಗೆ ಮೂರು ಬದಿ 9, 12, 15 ಅಡಿ ಬರುವಂತೆ ಹಗ್ಗಕ್ಕೆ ಗಂಟು ಹಾಕಿ ಮುಕ್ಕೋನ ಹಿಡಿ, ಮೂಲೆ ಕರಾರುವಾಕ್ಕಾಗಿ ಬರುತ್ತೆ. ಅಲ್ಲಿಂದ ಮುಂದೆ ಒಂಬತ್ತಡಿ ಗಳದಲ್ಲಿ ಅಳೆದುಕೊಂಡು ಹೋಗುವುದು.

ದಿಕ್ಕು ಎಷ್ಟೇ ಸರಿ ಹಿಡಿದರೂ ತೆಂಕು ಮತ್ತು ನೈಋತ್ಯ ಅಂಚಿನ ಸಾಲಿಗೆ ಮುಂದೆ ಅಡ್ಡ ನಿಲ್ಲುವ ಮರ ಇರೋಲ್ಲ. ಆ ಸಾಲಿನ ಕಾಂಡಕ್ಕೆ ಮಳೆ ಬಿಟ್ಟ ಕೂಡಲೇ ಅಡಿಕೆ ಸೋಗೆಯೋ ಹಾಳೆಯೋ ಕಟ್ಟು. ಅಂಚಿಗೆ ಬೇಗ ಬೆಳೆಯುವ ನೆರಳಿನ ಮರ ಈಗಲೇ ಹಾಕು, ನಡುವೆ ಬಾಳೆ ಇರಲಿ.

ನಿವೃತ್ತ ಭೂಮಾಪಕ

ಗುರುತು ಹಾಕುವ ದಿನ ತಿಳಿಸಿ. ಮುಕ್ಕಾಲಿ ಸಮೇತ ಸರ್ವೆಯ ಪ್ರಿಸ್ಮ್ಯಾಟಿಕ್ ಕಂಪಾಸ್ ನನ್ನ ಹತ್ತಿರ ಇದೆ, ತೀರ್ಥಹಳ್ಳಿಗೆ ಬರುವುದು ದೊಡ್ಡ ಮಾತಲ್ಲ. ಕೈಯಲ್ಲಿ ಹಿಡಿದು ಓದಿದ್ದಕ್ಕಿಂತ ಮುಕ್ಕಾಲಿಯ ಮೇಲೆ ಓದಿದ್ದು ಗಟ್ಟಿ. ಬಿ ಮತ್ತು ಸಿ ಗೂಟ ಕೀಳಬೇಡಿ, ಅವೆರಡರಿಂದಲೇ ಶುರು ಮಾಡೋಣ. ದಾರ ನೈಲಾನಿನದು ತನ್ನಿ, ಗೂಟ ಎಲ್ಲವೂ ಬಿದಿರಿನವೇ ಇರಲಿ, ಕಬ್ಬಿಣದ ಸರಳು ಒಂದೂ ಬೇಡ.